ಇಲಿಗಳ ಸ್ಥಳ ನೆನಪನ್ನು ವಾಟರ್ ಮೇಜ್‌ನಲ್ಲಿ ಪರೀಕ್ಷಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮಾರಿಸ್ ವಾಟರ್ ಮೇಜ್ ಎಂದರೆ ಬಣ್ಣ ಬೆರೆಸಿದ ನೀರಿನ ದುಂಡು ತೊಟ್ಟಿ; ನೀರಿನಡಿ ಅಡಗಿರುವ ಪ್ಲಾಟ್‌ಫಾರ್ಮ್ ಎಲ್ಲಿದೆ ಎಂಬುದನ್ನು ಇಲಿ ಸುತ್ತಲಿನ ಗುರುತುಗಳನ್ನು ನೋಡಿ ನೆನಪಿಟ್ಟುಕೊಳ್ಳಬೇಕು. ಈ ಪರೀಕ್ಷೆ ಮಾಡಿದವರು ಮತ್ತೆ ಮತ್ತೆ ಕೇಳುವುದು ಇದನ್ನೇ: ಐದು ದಿನ ತರಬೇತಿ ಕೊಟ್ಟೆವು, ಇಲಿಗಳು ದಿನದಿಂದ ದಿನಕ್ಕೆ ಬೇಗ ಬೇಗ ಪ್ಲಾಟ್‌ಫಾರ್ಮ್ ಹತ್ತಿದವು, ಆದರೆ ಪ್ಲಾಟ್‌ಫಾರ್ಮ್ ತೆಗೆದು ನೋಡಿದ ದಿನ ಯಾವ ಗುಂಪೂ ಅದಿದ್ದ ಜಾಗದಲ್ಲಿ ಹುಡುಕಲಿಲ್ಲ. ಎಲ್ಲಿ ತಪ್ಪಾಯಿತು?

ಹೆಚ್ಚಿನ ಸಲ ತಪ್ಪು ಆಗಿರುವುದು ಮೊದಲ ಇಲಿ ನೀರಿಗಿಳಿಯುವ ಮುಂಚೆ. ನೀರಿನಡಿ ಅಡಗಿರುವ ಪ್ಲಾಟ್‌ಫಾರ್ಮ್ ಸಿಗಲು ಸ್ಥಳದ ನೆನಪೊಂದೇ ದಾರಿಯಲ್ಲ. ಗೋಡೆಯಿಂದ ಒಂದಿಷ್ಟು ದೂರ ಬಿಟ್ಟು ಸುತ್ತು ಹಾಕಿದರೂ ಅದು ಸಿಗುತ್ತದೆ. ಅದರ ಅಂಚಿನ ನೆರಳು ಕಂಡರೂ ಸಿಗುತ್ತದೆ, ನೀವು ನಿಂತಿರುವ ಕಡೆಗೆ ಈಜಿದರೂ ಸಿಗುತ್ತದೆ. ಸಿಗದೇ ಹೋದಾಗಲೂ ಹಾಗೆಯೇ: ಕಣ್ಣು ಕಾಣದಿರಬಹುದು, ಈಜಲು ಶಕ್ತಿ ಇಲ್ಲದಿರಬಹುದು, ಚಳಿಯೋ ಭಯವೋ ಇರಬಹುದು. ಈ ಬೇರೆ ದಾರಿಗಳನ್ನೂ ಬೇರೆ ಕಾರಣಗಳನ್ನೂ ಒಂದೊಂದಾಗಿ ಮುಚ್ಚಿದ ಮೇಲಷ್ಟೇ ಉಳಿದದ್ದನ್ನು ನೆನಪು ಎನ್ನಬಹುದು. ಕೆಳಗಿನ ಹಂತಗಳ ಕ್ರಮ ಇರುವುದೇ ಅದಕ್ಕಾಗಿ. ಆದ್ದರಿಂದ, ಬೇಕಿದ್ದರಷ್ಟೇ ಮಾಡುವ 9ನೇ ಹಂತವೊಂದನ್ನು ಬಿಟ್ಟು, ಯಾವುದನ್ನೂ ಹಿಂದೆಮುಂದೆ ಮಾಡಬೇಡಿ.

ಇಲ್ಲಿ ರ‍್ಯಾಟ್ ಎಂದರೆ ದೊಡ್ಡ ಜಾತಿಯ ಪ್ರಯೋಗಾಲಯದ ಇಲಿ, ಮೌಸ್ ಎಂದರೆ ಚಿಕ್ಕದು. ಎರಡಕ್ಕೂ ಅನ್ವಯಿಸುವ ಕಡೆ ಇಲಿ ಎಂದಷ್ಟೇ ಬರೆದಿದ್ದೇನೆ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಗ್ರಿ

- ವೃತ್ತಾಕಾರದ ತೊಟ್ಟಿ. ರ‍್ಯಾಟ್‌ಗಳಿಗೆ 1.5ರಿಂದ 2 ಮೀಟರ್, ಮೌಸ್‌ಗಳಿಗೆ 1ರಿಂದ 1.5 ಮೀಟರ್ ವ್ಯಾಸ. ಒಳಮೈ ನುಣುಪಾಗಿ, ಒಂದೇ ಬಣ್ಣದಲ್ಲಿರಬೇಕು. ಕೀಲು, ಕಲೆ, ನೀರು ಹೋಗುವ ಕೊಳವೆ ಕಣ್ಣಿಗೆ ಬೀಳಬಾರದು.
- ಸುಮಾರು 10 ಸೆಂಟಿಮೀಟರ್ ವ್ಯಾಸದ ಪ್ಲಾಟ್‌ಫಾರ್ಮ್. ಒದ್ದೆ ಪಾದ ಜಾರದಂತೆ ಮೇಲ್ಮೈ ತುಸು ಒರಟಾಗಿರಲಿ.
- ತೊಟ್ಟಿಯ ನಡುಭಾಗದ ನೇರ ಮೇಲೆ ಕ್ಯಾಮೆರಾ, ಅದಕ್ಕೆ ಹೊಂದುವ ಟ್ರ್ಯಾಕಿಂಗ್ ಸಾಫ್ಟ್‌ವೇರ್, ಜತೆಗೆ ಸ್ಟಾಪ್‌ವಾಚ್.
- ಥರ್ಮಾಮೀಟರ್, ವಿಷವಿಲ್ಲದ ಬಣ್ಣ, ಹಿಡಿಯಿರುವ ಜಾಲರಿ ಸೌಟು, ಒಣ ಟವೆಲುಗಳು, ಬೆಚ್ಚಗಿನ ಪಂಜರ, ಗೋಡೆಗೆ ಅಂಟಿಸುವ ದೊಡ್ಡ ಗುರುತುಗಳು, ಸುತ್ತ ಎಳೆಯಬಹುದಾದ ಪರದೆ.

ಪ್ಲಾಟ್‌ಫಾರ್ಮ್ ಮತ್ತು ತೊಟ್ಟಿಯ ಅನುಪಾತವನ್ನು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. 120 ಸೆಂಟಿಮೀಟರ್ ತೊಟ್ಟಿಯಲ್ಲಿ 10 ಸೆಂಟಿಮೀಟರ್ ಪ್ಲಾಟ್‌ಫಾರ್ಮ್ ಇಟ್ಟರೆ ಹುಡುಕಬೇಕಾದ ಜಾಗ ಪ್ಲಾಟ್‌ಫಾರ್ಮ್‌ನ 144 ಪಟ್ಟು. ಅದೇ ಪ್ಲಾಟ್‌ಫಾರ್ಮ್ 180 ಸೆಂಟಿಮೀಟರ್ ತೊಟ್ಟಿಯಲ್ಲಿ 324 ಪಟ್ಟು. ಎರಡು ಪ್ರಯೋಗಾಲಯಗಳ ಫಲಿತಾಂಶ ಹೊಂದದಿದ್ದಾಗ ನಾನು ಮೊದಲು ನೋಡುವುದು ಈ ಸಂಖ್ಯೆಯನ್ನು.

## ಹಂತ 1: ಪ್ರಶ್ನೆ, ತಳಿ, ಗುಂಪು

ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಇಲ್ಲದೆ ಯಾವ ಹಂತವನ್ನೂ ಶುರು ಮಾಡುವಂತಿಲ್ಲ. ಪರೀಕ್ಷೆಯನ್ನು ನಿಲ್ಲಿಸಿ ಇಲಿಯನ್ನು ಹೊರತೆಗೆಯುವುದು ಯಾವಾಗ ಎಂಬುದೂ ಆ ಅರ್ಜಿಯಲ್ಲೇ ಇರಲಿ.

ಮುಂದಿನದು ತಳಿ. ಇಡೀ ಪರೀಕ್ಷೆ ನಿಂತಿರುವುದು ದೂರದ ಗುರುತುಗಳನ್ನು ಕಣ್ಣಿನಿಂದ ನೋಡುವುದರ ಮೇಲೆ. ಸಿ3ಎಚ್, ಎಫ್‌ವಿಬಿ/ಎನ್, ಎಸ್‌ಜೆಎಲ್ ತಳಿಯ ಮೌಸ್‌ಗಳಲ್ಲಿ ಸಾಮಾನ್ಯವಾಗಿ ಆರ್‌ಡಿ1 ಎಂಬ ವಂಶವಾಹಿ ದೋಷವಿದ್ದು, ಹುಟ್ಟಿದ ಕೆಲವೇ ವಾರಗಳಲ್ಲಿ ರೆಟಿನಾ ಕ್ಷೀಣಿಸುತ್ತದೆ. ಡಿಬಿಎ/2ಜೆ ಮೌಸ್‌ಗಳಿಗೆ ವಯಸ್ಸಾಗುತ್ತಾ ಗ್ಲಾಕೋಮಾ ಬರುತ್ತದೆ. ಬಿಳಿ ಮೈ ಕೆಂಪು ಕಣ್ಣಿನ ತಳಿಗಳ ದೃಷ್ಟಿ ಬಣ್ಣದ ತಳಿಗಳಿಗಿಂತ ಮಂದ. ಇಂಥ ತಳಿಯ ಮೇಲೆ ವಂಶವಾಹಿ ಬದಲಾವಣೆ ಮಾಡಿ "ನೆನಪು ಕುಂದಿದೆ" ಎಂದು ಬರೆಯುವ ಮುನ್ನ ಅದು ಕುರುಡೋ ಅಲ್ಲವೋ ಎಂಬುದು ತಿಳಿದಿರಬೇಕು. ಈಜುವುದರಲ್ಲೂ ಹುಡುಕುವುದರಲ್ಲೂ ಸಿ57ಬಿಎಲ್/6 ಮೌಸ್‌ಗಳು ನಂಬಿಕೆಗೆ ಯೋಗ್ಯ. ರ‍್ಯಾಟ್‌ಗಳಲ್ಲಿ ಲಾಂಗ್-ಎವನ್ಸ್ ಒಳ್ಳೆಯ ಆಯ್ಕೆ.

ಔಷಧ ಕೊಡುವ ಪ್ರಯೋಗವಾದರೆ ಯಾವ ಹೊತ್ತಿಗೆ ಕೊಡುತ್ತೀರಿ ಎಂಬುದರ ಮೇಲೆ ಪ್ರಶ್ನೆಯೇ ಬದಲಾಗುತ್ತದೆ. ತರಬೇತಿಗೆ ಮುಂಚೆ ಕೊಟ್ಟರೆ ಕಲಿಕೆಯ ಜತೆಗೆ ಈಜು, ಗಮನ, ಭಯ ಎಲ್ಲದರ ಮೇಲೂ ಪರಿಣಾಮ ಬೆರೆಯುತ್ತದೆ. ಆ ದಿನದ ತರಬೇತಿ ಮುಗಿದ ಕೂಡಲೇ ಕೊಟ್ಟರೆ ಕಲಿತದ್ದು ಗಟ್ಟಿಯಾಗುವ ಪ್ರಕ್ರಿಯೆಯನ್ನು ಮುಟ್ಟುತ್ತೀರಿ. ಕೊನೆಯ ಪರೀಕ್ಷೆಗೆ ಮುಂಚೆ ಮಾತ್ರ ಕೊಟ್ಟರೆ ನೆನಪನ್ನು ಹೊರತೆಗೆಯುವ ಶಕ್ತಿಯನ್ನು ನೋಡುತ್ತೀರಿ. ಇದನ್ನು ಈಗಲೇ ತೀರ್ಮಾನಿಸಿ.

ಗುಂಪುಗಳಿಗೆ ಇಲಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿ. ಒಂದೇ ಸೂಲಿನ ಮರಿಗಳೆಲ್ಲ ಒಂದೇ ಗುಂಪಿಗೆ ಹೋಗಬಾರದು. ನೀರಿಗೆ ಬಿಡುವವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರಬಾರದು. ಯಾವ ಇಲಿಯನ್ನು ಲೆಕ್ಕದಿಂದ ಕೈಬಿಡುತ್ತೀರಿ ಎಂಬ ನಿಯಮವನ್ನೂ ಇಂದೇ ಬರೆದಿಡಿ.

## ಹಂತ 2: ಕೋಣೆ ಮತ್ತು ಗುರುತುಗಳು

ಅತಿ ಹೆಚ್ಚು ಪ್ರಯೋಗಗಳು ಕೆಡುವುದು ಇಲ್ಲಿ. ಆದ್ದರಿಂದ ಇಲ್ಲಿ ಸಮಯ ಕೊಡಿ.

ತೊಟ್ಟಿಯ ಸುತ್ತ ಗೋಡೆಗಳ ಮೇಲೆ ಮೂರ್ನಾಲ್ಕು ದೊಡ್ಡ ಗುರುತುಗಳನ್ನು ಹಾಕಿ. ಒಂದೊಂದರ ಆಕಾರ ಒಂದೊಂದು ಬಗೆ ಇರಲಿ: ದಪ್ಪ ಪಟ್ಟೆ, ತ್ರಿಕೋನ, ಕಪ್ಪು ವೃತ್ತ, ಅಡ್ಡಗೆರೆ. ಬಣ್ಣಕ್ಕಿಂತ ಕಪ್ಪು-ಬಿಳುಪಿನ ಅಂತರ ಮುಖ್ಯ, ಏಕೆಂದರೆ ಇಲಿಗಳ ಬಣ್ಣದ ದೃಷ್ಟಿ ಸೀಮಿತ, ನೋಟದ ಸ್ಪಷ್ಟತೆಯೂ ಕಡಿಮೆ. ಎ-ನಾಲ್ಕು ಹಾಳೆಯಲ್ಲಿ ಮುದ್ರಿಸಿ ಎರಡು ಮೀಟರ್ ದೂರದಲ್ಲಿ ಅಂಟಿಸಿದ ನಕ್ಷತ್ರ ನಿಮಗೆ ಚೆನ್ನಾಗಿ ಕಂಡರೂ ಇಲಿಗೆ ಅದು ಮಬ್ಬು ಚುಕ್ಕೆ. ನಾಲ್ಕೂ ಗೋಡೆಗೆ ಸಮ ಅಂತರದಲ್ಲಿ ಒಂದೇ ಗಾತ್ರದ ಗುರುತು ಹಾಕಬೇಡಿ. ತೊಟ್ಟಿಯ ಒಂದು ಬದಿ ಇನ್ನೊಂದರಂತೆ ಕಂಡರೆ ದಿಕ್ಕು ತಿಳಿಯುವುದಿಲ್ಲ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ: ತೊಟ್ಟಿಗೆ ನೀರು ತುಂಬಿ, ಮೊಬೈಲ್ ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ಸುತ್ತಲೂ ಚಿತ್ರ ತೆಗೆಯಿರಿ. ಈಜುವ ಇಲಿಯ ಕಣ್ಣು ಇರುವುದು ಅಲ್ಲಿಯೇ. ನೀರಿನ ಮೇಲೆ ತೊಟ್ಟಿಯ ಗೋಡೆ ತುಂಬ ಎತ್ತರ ಉಳಿದಿದ್ದರೆ ನಿಮ್ಮ ಗುರುತುಗಳ ಕೆಳಭಾಗವೆಲ್ಲ ಅದರ ಹಿಂದೆ ಮರೆಯಾಗಿರುತ್ತದೆ. ಆಗ ನೀರಿನ ಮಟ್ಟ ಏರಿಸಿ ಅಥವಾ ಗುರುತುಗಳನ್ನು ಮೇಲೆ ಸರಿಸಿ. ಹಾರಿ ಹೊರಬೀಳದಷ್ಟು ಗೋಡೆ ಉಳಿದರೆ ಸಾಕು.

ಕೋಣೆಯಲ್ಲಿ ನೀವು ಅಂಟಿಸದ ಗುರುತುಗಳೂ ಇರುತ್ತವೆ. ಬಾಗಿಲು, ಕಂಪ್ಯೂಟರ್ ಪರದೆಯ ಬೆಳಕು, ಗುಂಯ್‌ಗುಡುವ ಯಂತ್ರ, ಪಂಜರಗಳ ಸಾಲು ಎಲ್ಲವೂ ಇಲಿಗೆ ದಿಕ್ಕು ಹೇಳುತ್ತವೆ. ಅವು ಇರುವುದರಿಂದ ತೊಂದರೆಯಿಲ್ಲ, ಆದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಕದಲಬಾರದು. ಎಲ್ಲಕ್ಕಿಂತ ದೊಡ್ಡ ಗುರುತು ನೀವೇ. ಇಲಿಯನ್ನು ಬಿಟ್ಟ ಕೂಡಲೇ ಪರದೆಯ ಹಿಂದೆ ಸರಿಯಿರಿ. ಪರದೆ ಇಲ್ಲದಿದ್ದರೆ ಪ್ರತಿ ಸಲವೂ ಒಂದೇ ಜಾಗಕ್ಕೆ ಹೋಗಿ ಅಲುಗಾಡದೆ ನಿಲ್ಲಿ, ಆ ಜಾಗ ಪ್ಲಾಟ್‌ಫಾರ್ಮ್‌ನ ಪಕ್ಕದಲ್ಲಿರದಂತೆ ನೋಡಿಕೊಳ್ಳಿ. ಅಂಗಿ, ಸುಗಂಧ, ಸಹಾಯಕರು ದಿನಕ್ಕೊಂದು ಬಗೆಯಾದರೆ ಅದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ.

ಬೆಳಕು ನೇರವಾಗಿ ನೀರಿಗೆ ಬೀಳಬಾರದು. ದೀಪಗಳನ್ನು ಗೋಡೆಗೋ ಚಾವಣಿಗೋ ತಿರುಗಿಸಿ. ಇದರಿಂದ ಇಲಿಯ ಕಳವಳವೂ ಕಡಿಮೆ, ಕ್ಯಾಮೆರಾಗೆ ಕಾಡುವ ಹೊಳಪೂ ಕಡಿಮೆ.

## ಹಂತ 3: ನೀರು

ಪ್ಲಾಟ್‌ಫಾರ್ಮ್ ಮೇಲೆ ರ‍್ಯಾಟ್‌ಗಳಿಗೆ 1ರಿಂದ 2, ಮೌಸ್‌ಗಳಿಗೆ 0.5ರಿಂದ 1 ಸೆಂಟಿಮೀಟರ್ ನೀರು ನಿಲ್ಲಬೇಕು. ಕಪ್ಪು ಇಲಿಗೆ ಬಿಳಿ ನೀರು, ಬಿಳಿ ಇಲಿಗೆ ಕಪ್ಪು ನೀರು. ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್ ಪುಡಿ ಅಥವಾ ವಿಷವಿಲ್ಲದ ಟೆಂಪೆರಾ ಬಣ್ಣ ಬಳಸಿ. ಹಾಲಿನ ಪುಡಿ ಬೇಡ, ಬೇಗ ಹಳಸಿ ನಾರುತ್ತದೆ. ಬಣ್ಣ ಹಾಕಿದ ಮೇಲೂ ಮೊಬೈಲನ್ನು ನೀರಿನ ಮಟ್ಟಕ್ಕೆ ಇಳಿಸಿ, ಪ್ಲಾಟ್‌ಫಾರ್ಮ್‌ನ ಅಂಚು ಕಾಣುತ್ತಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡಿ.

ಉಷ್ಣತೆ ರ‍್ಯಾಟ್‌ಗಳಿಗೆ 20ರಿಂದ 24, ಮೌಸ್‌ಗಳಿಗೆ 22ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗೆ ಒಂದನ್ನು ಆರಿಸಿ, ಪ್ರಯೋಗ ಮುಗಿಯುವವರೆಗೆ 1 ಡಿಗ್ರಿಗಿಂತ ಹೆಚ್ಚು ಆಚೀಚೆ ಹೋಗದಂತೆ ಕಾಯ್ದುಕೊಳ್ಳಿ. ನೀರು ಬೆಚ್ಚಗಾದರೆ ಇಲಿ ಈಜದೆ ಸುಮ್ಮನೆ ತೇಲುತ್ತದೆ. ತಣ್ಣಗಾದರೆ ಮೈಶಾಖ ಇಳಿದು ಮೂರನೇ ನಾಲ್ಕನೇ ಸುತ್ತಿಗೆ (ಇಲಿಯನ್ನು ಒಮ್ಮೆ ನೀರಿಗೆ ಬಿಟ್ಟು ಎತ್ತುವುದು ಒಂದು ಸುತ್ತು) ಕಲಿಕೆಯೇ ಕುಂಟುತ್ತದೆ. ಮೈ ಚಿಕ್ಕದಾದಷ್ಟೂ ಶಾಖ ಬೇಗ ಹೋಗುವುದರಿಂದ ಮೌಸ್‌ಗಳಲ್ಲಿ ಈ ಅಪಾಯ ಹೆಚ್ಚು. ಒಂದು ಗುಂಪು ಇನ್ನೊಂದಕ್ಕಿಂತ ತೆಳ್ಳಗಿದ್ದರೆ ಚಳಿಯ ವ್ಯತ್ಯಾಸವನ್ನೇ ನೆನಪಿನ ವ್ಯತ್ಯಾಸ ಎಂದು ತಿಳಿಯುವ ಸಾಧ್ಯತೆ ಇದೆ.

ಇಲಿಯಿಂದ ಇಲಿಗೆ ಹಿಕ್ಕೆ ತೆಗೆದು, ನೀರನ್ನು ಕದಡಿ. ವಾಸನೆಯ ಜಾಡು ಉಳಿಯಬಾರದು.

## ಹಂತ 4: ಕ್ಯಾಮೆರಾ

ಅಳತೆಗೋಲನ್ನು ನೀರಿನ ಮೇಲೆ ತೇಲಿಸಿ ಸಾಫ್ಟ್‌ವೇರ್‌ಗೆ ಅಳತೆ ಕೊಡಿ; ತೊಟ್ಟಿಯ ತಳದಲ್ಲಿಟ್ಟು ಕೊಟ್ಟರೆ ದೂರ, ವೇಗ ಎರಡೂ ತಪ್ಪುತ್ತವೆ. ತೊಟ್ಟಿಯನ್ನು ನಾಲ್ಕು ಕಾಲುಭಾಗವಾಗಿ ಗುರುತಿಸಿ. ಪ್ಲಾಟ್‌ಫಾರ್ಮ್ ಒಂದು ಕಾಲುಭಾಗದ ನಡುವೆ, ಅಂದರೆ ಕೇಂದ್ರಕ್ಕೂ ಗೋಡೆಗೂ ಮಧ್ಯದಲ್ಲಿ ಇರಲಿ. ಇಲಿಯ ಬಣ್ಣದ ಸಣ್ಣ ವಸ್ತುವೊಂದನ್ನು ದಾರಕ್ಕೆ ಕಟ್ಟಿ ತೊಟ್ಟಿಯೆಲ್ಲ ಎಳೆದು ನೋಡಿ. ಜಾಡು ಎಲ್ಲಿ ಕಡಿಯುತ್ತದೋ ಅಲ್ಲಿ ಬೆಳಕು ಸರಿಪಡಿಸಿ. ಮೂಲ ವಿಡಿಯೊ ಅಳಿಸಬೇಡಿ.

## ಹಂತ 5: ಕೈಗೆ ಒಗ್ಗಿಸುವುದು

ಬೇರೆ ಕಡೆಯಿಂದ ತಂದ ಇಲಿಗಳಿಗೆ ಹೊಸ ಜಾಗದಲ್ಲಿ ಒಂದು ವಾರವಾದರೂ ಬಿಡುವು ಕೊಡಿ. ಆಮೇಲೆ ಮೂರರಿಂದ ಐದು ದಿನ, ದಿನಕ್ಕೆ ಕೆಲವು ನಿಮಿಷ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿಯಿರಿ. ಮೌಸ್‌ಗಳನ್ನು ಬಾಲ ಹಿಡಿದು ಎತ್ತಬೇಡಿ; ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದರೆ ಗಾಬರಿ ಬಹಳ ಕಡಿಮೆ. ಜಾಲರಿ ಸೌಟನ್ನೂ ಈಗಲೇ ಪರಿಚಯಿಸಿ.

ಇದನ್ನು ಬಿಟ್ಟು ನೇರವಾಗಿ ನೀರಿಗೆ ಬಿಟ್ಟರೆ ಮೊದಲ ಎರಡು ದಿನ ನೀವು ಅಳೆಯುವುದು ಬರೀ ಭಯವನ್ನು.

## ಹಂತ 6: ತರಬೇತಿ

ಸಾಮಾನ್ಯ ಪಾಠ: ದಿನಕ್ಕೆ 4 ಸುತ್ತು, 5 ದಿನ. ಪ್ಲಾಟ್‌ಫಾರ್ಮ್ ಒಂದೇ ಜಾಗದಲ್ಲಿ, ಇಲಿಯನ್ನು ಬಿಡುವ ಜಾಗ ಮಾತ್ರ ಬೇರೆ ಬೇರೆ. ಬಿಡುವ ಜಾಗವೂ ಒಂದೇ ಆದರೆ ಇಲಿ "ಎಡಕ್ಕೆ ತಿರುಗಿ ನೇರ ಹೋಗು" ಎಂಬಷ್ಟನ್ನೇ ಕಲಿಯುತ್ತದೆ. ಅದಕ್ಕೆ ಗುರುತುಗಳು ಬೇಕಾಗುವುದೇ ಇಲ್ಲ.

ಪ್ಲಾಟ್‌ಫಾರ್ಮ್ ನೈರುತ್ಯದಲ್ಲಿದ್ದರೆ ದಕ್ಷಿಣ ಮತ್ತು ಪಶ್ಚಿಮ ತೀರಾ ಹತ್ತಿರ, ಅಲ್ಲಿಂದ ಬಿಡಬೇಡಿ. ಈ ಕ್ರಮ ಬಳಸಬಹುದು:

ದಿನ 1: ಉತ್ತರ, ಪೂರ್ವ, ಆಗ್ನೇಯ, ವಾಯವ್ಯ
ದಿನ 2: ಆಗ್ನೇಯ, ಉತ್ತರ, ವಾಯವ್ಯ, ಪೂರ್ವ
ದಿನ 3: ವಾಯವ್ಯ, ಆಗ್ನೇಯ, ಪೂರ್ವ, ಉತ್ತರ
ದಿನ 4: ಪೂರ್ವ, ವಾಯವ್ಯ, ಉತ್ತರ, ಆಗ್ನೇಯ
ದಿನ 5: ಉತ್ತರ, ಆಗ್ನೇಯ, ಪೂರ್ವ, ವಾಯವ್ಯ

ಈ ದಿಕ್ಕುಗಳು ತೊಟ್ಟಿಗೆ ನೀವು ಕೊಟ್ಟುಕೊಂಡ ಹೆಸರುಗಳಷ್ಟೇ, ದಿಕ್ಸೂಚಿಗೆ ಹೊಂದಬೇಕಿಲ್ಲ. ಪ್ರತಿ ಗುಂಪಿನ ಅರ್ಧ ಇಲಿಗಳಿಗೆ ಪ್ಲಾಟ್‌ಫಾರ್ಮ್ ಅನ್ನು ಎದುರಿನ ಕಾಲುಭಾಗದಲ್ಲಿಟ್ಟು, ಕ್ರಮವನ್ನೂ ಅದಕ್ಕೆ ತಕ್ಕಂತೆ ತಿರುಗಿಸಿದರೆ ಇನ್ನೂ ಒಳ್ಳೆಯದು. ತೊಟ್ಟಿಯ ಯಾವುದೋ ಒಂದು ಭಾಗ ಇಲಿಗಳಿಗೆ ಸುಮ್ಮನೆ ಇಷ್ಟವಾಗಿದ್ದರೆ ಅದು ಬಯಲಾಗುತ್ತದೆ.

ಒಂದು ಸುತ್ತು ಹೀಗೆ ನಡೆಯಬೇಕು:

1. ಇಲಿಯ ಮುಖ ತೊಟ್ಟಿಯ ಗೋಡೆಗಿರುವಂತೆ, ಹಿಂಭಾಗ ಮೊದಲು ನೀರಿಗೆ ತಾಗುವಂತೆ ಮೆಲ್ಲಗೆ ಇಳಿಸಿ. ಮೇಲಿನಿಂದ ಬಿಡಬೇಡಿ, ತಲೆ ಮುಳುಗಿಸಬೇಡಿ.
2. ಕೈ ಬಿಟ್ಟ ಕ್ಷಣ ಗಡಿಯಾರ ಶುರು. ಮೌಸ್‌ಗಳಿಗೆ 60 ಸೆಕೆಂಡ್, ರ‍್ಯಾಟ್‌ಗಳಿಗೆ 60ರಿಂದ 120 ಸೆಕೆಂಡ್ ಗಡುವು.
3. ಗಡುವಿನೊಳಗೆ ಸಿಗದಿದ್ದರೆ ಕೈಯಿಂದ ಮೆಲ್ಲಗೆ ದಾರಿ ತೋರಿಸಿ ಪ್ಲಾಟ್‌ಫಾರ್ಮ್‌ಗೆ ಹತ್ತಿಸಿ.
4. ಸಿಕ್ಕರೂ ಸಿಗದಿದ್ದರೂ ಪ್ಲಾಟ್‌ಫಾರ್ಮ್ ಮೇಲೆ 15ರಿಂದ 30 ಸೆಕೆಂಡ್ ಕೂರಲು ಬಿಡಿ. ಸುತ್ತ ನೋಡಿ ಜಾಗವನ್ನು ಗುರುತು ಹಿಡಿಯುವುದು ಈ ಹೊತ್ತಿನಲ್ಲಿ. ಬೇಗ ಮುಗಿಸುವ ಆತುರದಲ್ಲಿ ಇದನ್ನು ಕತ್ತರಿಸುವವರೇ ಹೆಚ್ಚು. ಇಲಿ ಮತ್ತೆ ನೀರಿಗೆ ಹಾರಿದರೆ ಮತ್ತೆ ಹತ್ತಿಸಿ, ಎಣಿಕೆ ಮೊದಲಿನಿಂದ.
5. ಸೌಟು ನೀಡಿ ಎತ್ತಿಕೊಳ್ಳಿ, ಟವೆಲಿನಲ್ಲಿ ಒರೆಸಿ, ಬೆಚ್ಚಗಿನ ಪಂಜರಕ್ಕೆ ಬಿಡಿ. ದೀಪದ ಶಾಖ ಪಂಜರದ ಒಂದು ಬದಿಗಷ್ಟೇ ಬೀಳಲಿ, ಸೆಕೆಯಾದರೆ ಇಲಿ ಸರಿದುಕೊಳ್ಳಬೇಕು.

ಮೌಸ್‌ಗಳಿಗೆ ಎರಡು ಸುತ್ತುಗಳ ನಡುವೆ ಮೈ ಒಣಗಿ ಬೆಚ್ಚಗಾಗುವಷ್ಟು, ಅಂದರೆ ಕನಿಷ್ಠ ಹತ್ತು ನಿಮಿಷ ಬಿಡುವಿರಲಿ. ಐದಾರು ಇಲಿಗಳ ತಂಡ ಮಾಡಿ ಸರದಿಯಂತೆ ಬಿಟ್ಟರೆ ಬಿಡುವು ತಾನಾಗಿ ಸಿಗುತ್ತದೆ. ತಂಡದಲ್ಲಿ ಎಲ್ಲ ಗುಂಪಿನ ಇಲಿಗಳೂ ಬೆರೆತಿರಲಿ. ಬೆಳಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು ಎಂದು ಮಾಡಿದರೆ ಸಿಗುವ ವ್ಯತ್ಯಾಸ ಹೊತ್ತಿನದೋ ಗುಂಪಿನದೋ ಯಾರೂ ಹೇಳಲಾರರು.

## ಹಂತ 7: ಪ್ರೋಬ್ ಪರೀಕ್ಷೆ

ಕೊನೆಯ ತರಬೇತಿಯಾಗಿ 24 ಗಂಟೆ ಕಳೆದ ಮೇಲೆ ಪ್ಲಾಟ್‌ಫಾರ್ಮ್ ತೆಗೆದು, ಇಲಿಯನ್ನು ಇದುವರೆಗೆ ಬಿಡದ ಜಾಗದಿಂದ ಬಿಡಿ. ಮೇಲಿನ ಕ್ರಮದಲ್ಲಿ ಅದು ಈಶಾನ್ಯ. ಅರ್ಧ ಗಂಟೆಯಲ್ಲೇ ಪರೀಕ್ಷಿಸಿದರೆ ಅಲ್ಪಾವಧಿಯ ನೆನಪೂ ಬೆರೆಯುತ್ತದೆ. ಅವಧಿ 30ರಿಂದ 60 ಸೆಕೆಂಡ್. 60 ಸೆಕೆಂಡ್ ದಾಖಲಿಸಿ ಮೊದಲ 30ನ್ನು ಬೇರೆಯಾಗಿಯೂ ನೋಡಿ ಎಂದು ನಾನು ಸಲಹೆ ಕೊಡುತ್ತೇನೆ. ಚೆನ್ನಾಗಿ ಕಲಿತ ಇಲಿ ನೇರವಾಗಿ ಆ ಜಾಗಕ್ಕೆ ಹೋಗಿ, ಪ್ಲಾಟ್‌ಫಾರ್ಮ್ ಇಲ್ಲವೆಂದು ತಿಳಿದು ಬೇರೆಡೆ ಹುಡುಕಲು ಹೊರಡುತ್ತದೆ. ಇಡೀ ನಿಮಿಷದ ಸರಾಸರಿಯಲ್ಲಿ ಜಾಣ ಇಲಿ ದಡ್ಡನಂತೆ ಕಾಣಬಹುದು.

ಅಳೆಯಬೇಕಾದದ್ದು ಮೂರು. ಸರಿಯಾದ ಕಾಲುಭಾಗದಲ್ಲಿ ಕಳೆದ ಸಮಯ: ಸುಮ್ಮನೆ ಅಲೆದರೂ ಇದು 25 ಶೇಕಡಾ ಬರುತ್ತದೆ. ಪ್ಲಾಟ್‌ಫಾರ್ಮ್ ಇದ್ದ ಜಾಗವನ್ನು ದಾಟಿದ ಸಲ. ಆ ಜಾಗದಿಂದ ಇದ್ದ ಸರಾಸರಿ ದೂರ. ಒಂದನ್ನೇ ಆರಿಸಬೇಕೆಂದರೆ ಸರಾಸರಿ ದೂರವನ್ನೇ ಆರಿಸಿ. ಕಾಲುಭಾಗದ ಗೆರೆಯ ಆಚೆ ಒಂದು ಗೇಣು ದೂರದಲ್ಲಿ ಶ್ರದ್ಧೆಯಿಂದ ಹುಡುಕುವ ಇಲಿಗೆ ಕಾಲುಭಾಗದ ಲೆಕ್ಕ ಅನ್ಯಾಯ ಮಾಡುತ್ತದೆ, ಸರಾಸರಿ ದೂರ ಮಾಡುವುದಿಲ್ಲ.

ಮೊದಲಿಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದೂ ಇಲ್ಲಿ. ಗೋಡೆಯಿಂದ ಒಂದೇ ದೂರದಲ್ಲಿ ಸುತ್ತು ಹಾಕುವುದನ್ನು ಕಲಿತ ಇಲಿ ತರಬೇತಿಯಲ್ಲಿ ದಿನೇ ದಿನೇ ಬೇಗ ತಲುಪುತ್ತದೆ, ಪ್ರೋಬ್‌ನಲ್ಲಿ ನಾಲ್ಕೂ ಕಾಲುಭಾಗಕ್ಕೆ ಸಮಯವನ್ನು ಸಮವಾಗಿ ಹಂಚುತ್ತದೆ. ಜಾಡಿನ ಚಿತ್ರ ತೆಗೆದು ನೋಡಿ, ಉಂಗುರ ಕಂಡರೆ ಅದೇ ಕಾರಣ. ಗುರುತುಗಳು ಇಲಿಗೆ ಕಾಣುತ್ತಿಲ್ಲ ಎಂದರ್ಥ, 2ನೇ ಹಂತಕ್ಕೆ ಹಿಂತಿರುಗಿ.

ಪ್ರೋಬ್‌ಗಳನ್ನು ಪದೇ ಪದೇ ಮಾಡಬೇಡಿ. ಪ್ಲಾಟ್‌ಫಾರ್ಮ್ ಇಲ್ಲವೆಂಬುದೂ ಒಂದು ಪಾಠ, ಇಲಿ ಅದನ್ನೂ ಕಲಿಯುತ್ತದೆ.

## ಹಂತ 8: ಕಾಣುವ ಪ್ಲಾಟ್‌ಫಾರ್ಮ್

ಪ್ಲಾಟ್‌ಫಾರ್ಮ್ ಅನ್ನು ನೀರಿನ ಮೇಲೆ ಎತ್ತಿ, ಅದಕ್ಕೊಂದು ಬಾವುಟ ಸಿಕ್ಕಿಸಿ, ಸುತ್ತ ಪರದೆ ಎಳೆದು ಗೋಡೆಯ ಗುರುತುಗಳನ್ನು ಮರೆಮಾಡಿ. ಪ್ರತಿ ಸುತ್ತಿನಲ್ಲೂ ಪ್ಲಾಟ್‌ಫಾರ್ಮ್ ಮತ್ತು ಬಿಡುವ ಜಾಗ ಎರಡೂ ಬದಲಾಗಲಿ. ಇಲ್ಲಿ ನೇರ ಹೋಗಲಾರದ ಇಲಿಗೆ ಕಣ್ಣು, ಕಾಲು ಅಥವಾ ಬಯಕೆಯ ತೊಂದರೆ ಇದೆ. ಅದರ ಹಿಂದಿನ ಅಂಕಿಗಳನ್ನು ನೆನಪಿನ ಲೆಕ್ಕಕ್ಕೆ ಹಾಕುವಂತಿಲ್ಲ.

ಇದನ್ನು ಮೊದಲೇ ಮಾಡುವವರೂ ಇದ್ದಾರೆ. ನಾನು ಕೊನೆಗೆ ಇಡುತ್ತೇನೆ. ಮೊದಲೇ ಮಾಡಿದರೆ ಹತ್ತಿರದ ಬಾವುಟ ಹುಡುಕುವ ಅಭ್ಯಾಸ ಅಂಟಿಕೊಳ್ಳಬಹುದು. ತಳಿಯ ದೃಷ್ಟಿಯ ಮೇಲೆಯೇ ಅನುಮಾನವಿದ್ದರೆ, ಅದೇ ತಳಿಯ ಬೇರೆ ಕೆಲವು ಇಲಿಗಳ ಮೇಲೆ ಮೊದಲು ಮಾಡಿ ನೋಡಿ.

## ಹಂತ 9: ಬೇಕಿದ್ದರೆ ಜಾಗ ಬದಲಿಸಿ

ಹಳೆಯದನ್ನು ಬಿಟ್ಟು ಹೊಸದನ್ನು ಕಲಿಯುವ ಶಕ್ತಿ ನೋಡಬೇಕಿದ್ದರೆ ಪ್ರೋಬ್ ಆದ ಮೇಲೆ, 8ನೇ ಹಂತಕ್ಕೆ ಮುಂಚೆ, ಪ್ಲಾಟ್‌ಫಾರ್ಮ್ ಅನ್ನು ಎದುರಿನ ಕಾಲುಭಾಗಕ್ಕೆ ಸರಿಸಿ ಮತ್ತೆ ಕೆಲವು ದಿನ ತರಬೇತಿ, ಮತ್ತೊಂದು ಪ್ರೋಬ್. ಸೂಕ್ಷ್ಮ ದೋಷಗಳು ಎಷ್ಟೋ ಸಲ ಮೊದಲ ಕಲಿಕೆಯಲ್ಲಿ ಕಾಣದೆ ಇಲ್ಲಿ ಕಾಣುತ್ತವೆ. ದಿನಕ್ಕೊಂದು ಹೊಸ ಜಾಗ ಕೊಟ್ಟು ಮೊದಲ ಸುತ್ತಿಗೂ ಎರಡನೆಯದಕ್ಕೂ ಎಷ್ಟು ಸಮಯ ಉಳಿಯಿತೆಂದು ನೋಡಿದರೆ ಅದು ಆ ದಿನದ ಮಟ್ಟಿಗಿನ ನೆನಪಿನ ಅಳತೆ.

## ನಡುವೆ ಕಾಣುವ ಎಚ್ಚರಿಕೆಯ ಚಿಹ್ನೆಗಳು

ಮೊದಲ ದಿನದ ಮೊದಲ ಸುತ್ತಿನಲ್ಲೇ ಗುಂಪುಗಳ ನಡುವೆ ಅಂತರ. ಇನ್ನೂ ಯಾವ ಇಲಿಯೂ ಏನನ್ನೂ ಕಲಿತಿಲ್ಲ. ಅಂತರ ಈಜಿನದು, ಕಣ್ಣಿನದು ಅಥವಾ ಭಯದ್ದು.

ಗೋಡೆಗಂಟಿಕೊಂಡೇ ಸುತ್ತುವುದು. ಮೊದಲ ದಿನ ಸಹಜ. ಮೂರನೇ ದಿನವೂ ಇದ್ದರೆ ಒಗ್ಗಿಸುವುದು ಸಾಲಲಿಲ್ಲ, ಬೆಳಕು ಹೆಚ್ಚಾಗಿದೆ, ಅಥವಾ ಮಿದುಳಿನ ಗಾಯವೋ ಔಷಧವೋ ಕಳವಳ ಹೆಚ್ಚಿಸಿದೆ.

ತೇಲುವುದು. ನೀರಿನ ಉಷ್ಣತೆ ನೋಡಿ. ಸರಿಯಿದ್ದೂ ತೇಲಿದರೆ ಮೊದಲೇ ಬರೆದ ನಿಯಮದಂತೆ ಆ ಇಲಿಯನ್ನು ಕೈಬಿಡಿ.

ನಿಯಂತ್ರಣ ಗುಂಪೇ (ಔಷಧವೋ ಬದಲಾವಣೆಯೋ ಇಲ್ಲದ, ಹೋಲಿಕೆಗಾಗಿ ಇಟ್ಟ ಗುಂಪು) ಕಲಿಯದಿರುವುದು. ಪ್ರಯೋಗ ನಿಲ್ಲಿಸಿ. ಇನ್ನೂ ಐದು ದಿನ ಸೇರಿಸಿದರೆ ಸರಿಹೋಗುವುದಿಲ್ಲ.

ಎಲ್ಲವೂ ಎರಡನೇ ದಿನವೇ ಐದಾರು ಸೆಕೆಂಡಿನಲ್ಲಿ ತಲುಪುವುದು. ಪ್ಲಾಟ್‌ಫಾರ್ಮ್ ಕಾಣುತ್ತಿದೆ, ಅಥವಾ ತೊಟ್ಟಿ ತೀರಾ ಚಿಕ್ಕದು.

ಮುಳುಗೇಳುವುದು, ಮೈ ಓಲುವುದು, ಹೊರಬಂದ ಮೇಲೂ ನಿಲ್ಲದ ನಡುಕ. ಗಡುವಿಗೆ ಕಾಯದೆ ಕೂಡಲೇ ಎತ್ತಿ. ಆ ದಿನ ಮತ್ತೆ ನೀರಿಗೆ ಬಿಡಬೇಡಿ.

ನೀರೇ ಹೊಂದದ ಇಲಿಗಳಿಗೆ, ಅಂದರೆ ತೀರಾ ಮುದಿಯಾದವು ಅಥವಾ ಕಾಲು ಸೋತವಕ್ಕೆ, ಬಾರ್ನ್ಸ್ ಮೇಜ್ ಒಳ್ಳೆಯದು. ರಂಧ್ರಗಳಿರುವ ದುಂಡು ಹಲಗೆಯ ಮೇಲೆ ಒಂದೇ ಒಂದು ರಂಧ್ರದ ಕೆಳಗೆ ಅಡಗುತಾಣವಿರುತ್ತದೆ. ಗುರುತುಗಳ ವಿಷಯದಲ್ಲಿ 2ನೇ ಹಂತ ಹೇಳಿದ್ದೆಲ್ಲ ಅಲ್ಲಿಗೂ ಸಲ್ಲುತ್ತದೆ. ನೀರಿಲ್ಲದ್ದರಿಂದ ವಾಸನೆಯ ಜಾಡು ಹೆಚ್ಚು, ಪ್ರತಿ ಸುತ್ತಿಗೂ ಹಲಗೆ ಒರೆಸಿ.

## ಹಂತ 10: ಲೆಕ್ಕ

ತಲುಪಲು ಹಿಡಿದ ಸಮಯವೊಂದನ್ನೇ ವರದಿ ಮಾಡಬೇಡಿ. ನಿಧಾನ ಈಜುವ ಇಲಿಗೆ ನೆನಪು ಚೆನ್ನಾಗಿದ್ದರೂ ಸಮಯ ಹೆಚ್ಚಾಗುತ್ತದೆ. ಈಜಿದ ದೂರ ಮತ್ತು ವೇಗ ಎರಡನ್ನೂ ಕೊಡಿ. ಸಮಯದಲ್ಲಿ ಅಂತರವಿದ್ದು ದೂರದಲ್ಲಿ ಇಲ್ಲದಿದ್ದರೆ ಅದು ವೇಗದ ಕಥೆ.

ಒಂದೇ ಇಲಿಯ ಇಪ್ಪತ್ತು ಸುತ್ತುಗಳು ಇಪ್ಪತ್ತು ಇಲಿಗಳಾಗುವುದಿಲ್ಲ. ಪುನರಾವರ್ತಿತ ಅಳತೆಗೆ ತಕ್ಕ ಅನೋವಾ (ಗುಂಪುಗಳ ಸರಾಸರಿಗಳನ್ನು ಹೋಲಿಸುವ ಸಂಖ್ಯಾಶಾಸ್ತ್ರದ ವಿಧಾನ) ಅಥವಾ ಮಿಶ್ರ ಮಾದರಿ (ಒಂದೇ ಇಲಿಯ ಅಳತೆಗಳ ನಂಟನ್ನೂ ಲೆಕ್ಕಕ್ಕೆ ತರುವ ವಿಧಾನ) ಬಳಸಿ. ಗಡುವು ಮುಟ್ಟಿದ ಸುತ್ತುಗಳಲ್ಲಿ ನಿಜವಾದ ಸಮಯ ಗಡುವಿಗಿಂತ ಎಷ್ಟು ಹೆಚ್ಚೋ ನಮಗೆ ತಿಳಿದಿಲ್ಲ. ಅಂಥವು ಬಹಳವಿದ್ದರೆ ಬದುಕುಳಿಯುವಿಕೆಯ ವಿಶ್ಲೇಷಣೆಯ ವಿಧಾನ (ಗಡುವಿನೊಳಗೆ ಮುಗಿಯದ ಸುತ್ತುಗಳನ್ನು "ಇನ್ನೂ ಸಿಕ್ಕಿಲ್ಲ" ಎಂದೇ ಲೆಕ್ಕ ಹಾಕುವುದು) ಹೆಚ್ಚು ಪ್ರಾಮಾಣಿಕ.

ಪ್ರೋಬ್‌ನಲ್ಲಿ ತೀರಾ ಸಾಮಾನ್ಯವಾದ ತಪ್ಪು: ನಿಯಂತ್ರಣ ಗುಂಪು 25 ಶೇಕಡಾಕ್ಕಿಂತ ಗಮನಾರ್ಹವಾಗಿ ಮೇಲಿದೆ, ಔಷಧದ ಗುಂಪು ಇಲ್ಲ, ಆದ್ದರಿಂದ ಎರಡೂ ಬೇರೆ ಎಂದು ಬರೆಯುವುದು. ಒಂದು 38, ಇನ್ನೊಂದು 34 ಶೇಕಡಾ ಇದ್ದರೂ ಹೀಗೆ ಬರಬಹುದು. ಎರಡು ಗುಂಪುಗಳನ್ನು ಒಂದಕ್ಕೊಂದು ನೇರವಾಗಿ ಹೋಲಿಸಿ.

ವರದಿಯಲ್ಲಿ ತೊಟ್ಟಿ ಮತ್ತು ಪ್ಲಾಟ್‌ಫಾರ್ಮ್‌ನ ಅಳತೆ, ನೀರಿನ ಉಷ್ಣತೆ, ಗುರುತುಗಳ ಚಿತ್ರ, ಬಿಟ್ಟ ಜಾಗಗಳ ಕ್ರಮ, ಸುತ್ತುಗಳ ನಡುವಿನ ಬಿಡುವು, ಇಲಿಗಳ ತಳಿ, ಲಿಂಗ, ವಯಸ್ಸು, ಕೈಬಿಟ್ಟ ಇಲಿಗಳ ಸಂಖ್ಯೆ ಮತ್ತು ಪ್ರತಿಯೊಂದಕ್ಕೂ ಕಾರಣ ಇರಲಿ. ಪ್ರತಿ ಗುಂಪಿನ ಪ್ರೋಬ್ ಜಾಡಿನ ಚಿತ್ರಗಳನ್ನು, ಚೆಂದ ಬಂದ ಒಂದನ್ನಷ್ಟೇ ಆರಿಸದೆ, ಎಲ್ಲವನ್ನೂ ಸೇರಿಸಿ.